ಕ್ಯಾಸೆಟ್ಟಿನ ಎರಡನೇ ಮಗ್ಗುಲು

ತಿಗ್ಮಿ ಊಫೆಲ್ಲಾ
ಶುಕ್ರವಾರ, 19 ಫೆಬ್ರವರಿ 2010

ನನ್ನ ಮಗಳು ತೂದಾಳಿಗೆ, ಹೆತ್ತ ತಾಯಿ ಇಜ್ಜಾಳ ಸಲಾಮು, ಜೊತೆಗೆ ಮನೆಯ ಬಾಗಿಲಿಂದ ಅಗಾದಿರ್ ಪಟ್ಟಣದ ಸಮುದ್ರದವರೆಗೂ ಮುಟ್ಟುವಷ್ಟು ಹರಕೆ.

ಅಕ್ಷರ ನೋಡಿ ನಗಬೇಡ. ಇದು ಬೇರೆಯವರ ಕೈಲಿ ಬರೆಸಿದ ಕಾಗದವಲ್ಲ, ನನ್ನದೇ ಬರಹ. ಮಸೀದಿಯ ಪಕ್ಕದ ಕೋಣೆಯಲ್ಲಿ ಹೆಂಗಸರಿಗೆ ಓದು ಕಲಿಸುತ್ತಾರೆ, ಎರಡು ಚಳಿಗಾಲ ಅಲ್ಲಿಗೆ ಹೋದೆ. ಮುದುಕಿ ಪೆನ್ನು ಹಿಡಿದಳೆಂದು ಊರೆಲ್ಲ ನಕ್ಕಿತು. ಪಕ್ಕದ ಮನೆಯ ರಖಿಯಾ ಇದ್ದಾಳಲ್ಲ, ಬೆಲಾಯಿದನ ಹೆಂಡತಿ, “ಏನೇ ಇಜ್ಜಾ, ಇನ್ಮೇಲೆ ಕಚೇರಿಗೆ ಹೋಗ್ತೀಯೇನೇ?” ಎಂದು ಬಾವಿಯ ಹತ್ತಿರ ಎಲ್ಲರ ಮುಂದೆ ಕೇಳಿದಳು. “ಇಲ್ಲ ಕಣೇ, ನಿನ್ನ ಹಣೇಲಿ ಏನು ಬರೆದಿದೆ ಅಂತ ಓದೋಣ ಅಂತ” ಎಂದೆ. ಅವಳು ಕೊಡ ಎತ್ತಿಕೊಂಡು ನಡೆದಳು. ನಾನು ಕಲಿತದ್ದು ಕಚೇರಿಗಾಗಿ ಅಲ್ಲ, ಈ ಒಂದು ಕಾಗದಕ್ಕಾಗಿ. ಇದನ್ನು ಇನ್ನೊಬ್ಬರಿಗೆ ಹೇಳಿ ಬರೆಸಲು ಬರುವುದಿಲ್ಲ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನು ಮಾಡಿದರೆ ನೀನು ಎರಡು ಮಾತು, ನಾನು ಎರಡು ಮಾತು, ಆಮೇಲೆ ಮಳೆ ಬಂತಾ, ಆಡು ಈಯಿತಾ ಎನ್ನುವಲ್ಲಿಗೆ ಮುಗಿಯುತ್ತದೆ. ನೀನು ಮನೆ ಬಿಟ್ಟ ಹದಿನಾರು ವರ್ಷದಿಂದಲೂ ಹಾಗೇ ಮುಗಿದಿದೆ. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ನೀನಿರುವುದಿಲ್ಲ, ಆಡಿನ ಕಡೆಗೆ ಮಾತು ತಿರುಗಿಸಲು ನನಗೂ ಆಗುವುದಿಲ್ಲ.

ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ಹನ್ನೊಂದು ಹಾಡು ಸಿದ್ಧವಾಗಿವೆ, ಮಾತೂ ನನ್ನದೇ, ಧಾಟಿಯೂ ನನ್ನದೇ, ಯಾವ ವ್ಯಾಪಾರಿಯ ಹಂಗೂ ಇಲ್ಲ ಎಂದು ಬರೆದಿದ್ದೀಯ. ಡಿಸ್ಕಿನ ಮೊದಲಿಗೆ, ಯಾವ ವಾದ್ಯವೂ ಶುರುವಾಗುವ ಮುಂಚೆ, ನೀನು ಹನ್ನೊಂದು ವರ್ಷದವಳಿದ್ದಾಗ ನಿಮ್ಮಪ್ಪನಿಗಾಗಿ ಹಾಡಿದ ಹಾಡು ಬರಬೇಕು, ನನ್ನ ತಗಡಿನ ಪೆಟ್ಟಿಗೆಯಲ್ಲಿರುವ ಆ ಕ್ಯಾಸೆಟ್ಟನ್ನು ಕಳಿಸು ಎಂದು ಕೇಳಿದ್ದೀಯ. ಇಷ್ಟು ಕೇಳಿ ಸುಮ್ಮನಾಗಿದ್ದರೆ ನಾನೂ ಏನೋ ನೆಪ ಹೇಳುತ್ತಿದ್ದೆ. ಆದರೆ ಕೊನೆಯಲ್ಲಿ ಬರೆದೆಯಲ್ಲ, “ಅಮ್ಮಾ, ನನ್ನ ಹಾಡು ಕಂಡ್ರೆ ನಿನಗ್ಯಾಕೆ ಆಗಲ್ಲ? ಇದೊಂದು ಸಲ ಕೇಳ್ತೀನಿ. ಉತ್ತರ ಬರದಿದ್ರೆ ಮತ್ತೆ ಕೇಳಲ್ಲ, ಊರಿಗೂ ಬರಲ್ಲ” ಎಂದು. ನಿನ್ನ ಹಟ ನನಗೆ ಗೊತ್ತು. ಅದು ನನ್ನಿಂದಲೇ ಬಂದದ್ದು. ಆ ಸಾಲನ್ನು ಓದಿದ ಮೇಲೆ ಊಟ ಸೇರಲಿಲ್ಲ.

ನಿನ್ನ ಹಾಡಿನ ದಾರಿ ನನಗೆ ತಿಳಿಯದು ಎಂದುಕೊಂಡಿದ್ದೀಯ. ಒಂದೊಂದು ಹೆಜ್ಜೆಯೂ ಗೊತ್ತು ಮಗಳೇ. ಸಾರ್ಡೀನ್ ಮೀನಿನ ಕಾರ್ಖಾನೆಯಲ್ಲಿ ತಲೆ ಕೊಯ್ಯುತ್ತ ನಿಂತಾಗ ಸಾಲಿನ ಹೆಂಗಸರೆಲ್ಲ ನಿನ್ನ ಪದಕ್ಕೆ ದನಿಗೂಡಿಸುತ್ತಿದ್ದರಂತೆ, ಮೇಸ್ತ್ರಿ ಬಂದರೂ ನಿಲ್ಲಿಸುತ್ತಿರಲಿಲ್ಲವಂತೆ. ಅಲ್ಲಿಂದ ಮದುವೆ ಮೇಳದಲ್ಲಿ ಹಿಂದಿನ ಸಾಲಿಗೆ ಸೇರಿದೆ. ನಾಲ್ಕು ವರ್ಷ ಬೇರೆಯವರ ಹಾಡಿಗೆ ಹೂಂಗುಟ್ಟಿದೆ. ಆಮೇಲೆ ಇನೆಜ್ಗಾನಿನ ಆ ಕ್ಯಾಸೆಟ್ ವ್ಯಾಪಾರಿ ನಿನ್ನ ದನಿ ಮೆಚ್ಚಿ, ಮುಖ ಮೆಚ್ಚದೆ, “ದನಿ ನಿಂದಿರಲಿ, ಕವರಿನ ಮೇಲೆ ಬೇರೆ ಹುಡುಗಿ ಫೋಟೋ ಹಾಕ್ತೀನಿ, ಯಾರಿಗೆ ಗೊತ್ತಾಗುತ್ತೆ” ಎಂದನಂತೆ. ನೀನು ಅವನ ಮೇಜಿನ ಮೇಲಿದ್ದ ಚಹಾ ಕುಡಿದು, ಲೋಟ ಬೋರಲು ಹಾಕಿ, ಎದ್ದು ಬಂದೆಯಂತೆ. ಆ ಸುದ್ದಿ ತಂದವರು ನಿನ್ನನ್ನು ಬೈಯುತ್ತಲೇ ಹೇಳಿದರು. ನಾನೂ ಅವರೆದುರು ಬೈದೆ, ಒಳಗೆ ಹೋಗಿ ಒಬ್ಬಳೇ ನಕ್ಕೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನೀನು ಹೆಗ್ಗಣವೂ ಅಲ್ಲ. ಹೆಣ್ಣು ಹುಡುಗಿ ಲೋತಾರ್ ತಂತಿವಾದ್ಯ ಹಿಡಿದು ಒಬ್ಬಳೇ ಕೂತು ಹಾಡುವುದೇ ಎಂದವರುಂಟು. ಅಡುಗೆಮನೆಯ ಗೋಡೆಗೆ ಕಂಬಳಿ ಹೊದಿಸಿ ಹಾಡು ಮುದ್ರಿಸಿದೆ, ಬಸ್ ನಿಲ್ದಾಣದಲ್ಲಿ ಚೀಲದಿಂದ ತೆಗೆದು ತೆಗೆದು ನೀನೇ ಮಾರಿದೆ. ಕೇಳಲು ಮಾತ್ರ ನಾನು ಬರಲಿಲ್ಲ. ತಾಫ್ರೌತಿನ ಬಾದಾಮಿ ಹಬ್ಬದಲ್ಲಿ, ಈ ಮನೆಯಿಂದ ಎರಡು ಗಂಟೆಯ ದಾರಿಯಲ್ಲಿ ನೀನು ಹಾಡಿದಾಗಲೂ ಬರಲಿಲ್ಲ. ಮಂಡಿ ನೋವು ಎಂದಿದ್ದೆ. ಮಂಡಿಗೆ ಏನೂ ಆಗಿರಲಿಲ್ಲ.

ಆದರೂ ಒಂದು ಸಲ ಕೇಳಿದ್ದೇನೆ. ಹೋದ ವರ್ಷ ಸಂತೆಯಿಂದ ವ್ಯಾನಿನಲ್ಲಿ ಬರುತ್ತಿದ್ದೆ. ಡ್ರೈವರ್ ನಿನ್ನ ಹಾಡು ಹಾಕಿದ. ಅದೇ, ಈಗ ಎಲ್ಲರ ಬಾಯಲ್ಲೂ ಇರುವುದು:

ಹಾಡಿದರೆ ನಾಲಿಗೆ ಸುಡುವೆನೆಂದಳು ಅಮ್ಮ,
ಸುಟ್ಟ ನಾಲಿಗೆಯಲ್ಲೇ ಹಾಡಿದೆ, ಕೇಳಮ್ಮ.

ವ್ಯಾನಿನಲ್ಲಿದ್ದ ಹೆಂಗಸರೆಲ್ಲ ಲೊಚಗುಟ್ಟಿದರು. ಅಮ್ಮೆಲ್ನ್ ಕಣಿವೆಯ ಕಡೆಯವಳೊಬ್ಬಳು, “ಎಂಥ ತಾಯಿಯೋ! ಹೆತ್ತ ಮಗಳಿಗೆ ಹೀಗನ್ನೋ ಬಾಯಿ ಸೇದಿಹೋಗ್ಲಿ” ಎಂದಳು. ಎಲ್ಲರೂ ಹೌದು ಹೌದು ಎಂದರು. ಅವಳು ನನ್ನ ಕಡೆ ತಿರುಗಿ, “ಅಲ್ವೇನಕ್ಕಾ?” ಎಂದು ಕೇಳಿದಳು. “ಹೌದಮ್ಮಾ, ಎಂಥ ತಾಯಿಯೋ” ಎಂದೆ. ಆಮೇಲೆ ಕೂರಲಾಗಲಿಲ್ಲ. ತಲೆಸುತ್ತು ಎಂದು ವ್ಯಾನು ನಿಲ್ಲಿಸಿದೆ. “ಏನಮ್ಮಾ, ಹಾಡು ಹಿಡಿಸ್ಲಿಲ್ವಾ? ನಮ್ಮ ಕಡೆ ಹುಡುಗೀನೇ ಹಾಡಿರೋದು” ಎಂದ ಡ್ರೈವರ್. ಎಣ್ಣೆ ಡಬ್ಬಿ ಹೊತ್ತುಕೊಂಡು ಮನೆಯವರೆಗೆ ನಡೆದೇ ಬಂದೆ. ಹಾಡು ಹಿಡಿಸದೆ ಏನು? ಅಷ್ಟು ಚೆನ್ನಾಗಿ ಹಾಡುವವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದಳಲ್ಲ ಎಂದು ದಾರಿಯುದ್ದಕ್ಕೂ ಅತ್ತೆ.

ಆ ಹಾಡಿನ ಮೇಲೆ ನನಗೆ ಕೋಪವಿಲ್ಲ. ನಾಲಿಗೆ ಸುಡುತ್ತೇನೆ ಎಂದದ್ದು ನಿಜ, ಕೆನ್ನೆಗೆ ಹೊಡೆದದ್ದೂ ನಿಜ. ಅಪ್ಪ ಸತ್ತ ದಿನ ಅಂಗಳದಲ್ಲಿ ಹಾಡು ಗುನುಗಿದ್ದಕ್ಕೆ ಅಮ್ಮ ಹೊಡೆದಳು ಎಂದು ರೇಡಿಯೋದಲ್ಲಿ ಹೇಳಿದೆಯಂತೆ. ನಿಮ್ಮ ಮನೆಯಲ್ಲಿ ಮೊದಲು ಯಾರಾದರೂ ಹಾಡುತ್ತಿದ್ದರೇ ಎಂದು ಕೇಳಿದ್ದಕ್ಕೆ, ಯಾರೂ ಇಲ್ಲ, ನಮ್ಮದು ಹಾಡಿಲ್ಲದ ಮನೆ ಎಂದೆಯಂತೆ. ಅದೆರಡೂ ತಪ್ಪು ತೂದಾ. ನಿನ್ನ ತಪ್ಪಲ್ಲ, ನಾನು ಹೇಳದೇ ಇದ್ದದ್ದರ ತಪ್ಪು.

ನಿಮ್ಮಪ್ಪ ಬಿಹಿ ಫ್ರಾನ್ಸಿನ ಕಲ್ಲಿದ್ದಲ ಗಣಿಯಲ್ಲಿದ್ದಾಗ ನಮ್ಮಿಬ್ಬರಿಗೂ ಓದು ಬರಹ ಬರುತ್ತಿರಲಿಲ್ಲ. ನಮ್ಮ ಕಾಗದವೆಂದರೆ ಕ್ಯಾಸೆಟ್ಟು. ಅದು ನಿನಗೂ ನೆನಪಿರಬೇಕು. ಮೊದಲನೇ ಮಗ್ಗುಲು ಎಲ್ಲರಿಗೂ ಸೇರಿದ್ದು. ಚಾಪೆ ಹಾಸಿ, ನಿನ್ನ ಅಜ್ಜಿಯನ್ನು ನಡುವೆ ಕೂರಿಸಿ, ಎಲ್ಲರೂ ಕೇಳುತ್ತಿದ್ದೆವು. ಅವರು ಒಬ್ಬೊಬ್ಬರ ಹೆಸರು ಹಿಡಿದು ಸಲಾಮು ಹೇಳುವರು, ಕತ್ತೆಯನ್ನೂ ಬಿಡುತ್ತಿರಲಿಲ್ಲ, ನೀವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದಿರಿ. ಎರಡನೇ ಮಗ್ಗುಲು ಹೆಂಡತಿಯದು. ಊರಿನ ಎಲ್ಲ ಮನೆಯಲ್ಲೂ ಅದೇ ಪದ್ಧತಿ, ಯಾವ ಅತ್ತೆಯೂ ಆ ಮಗ್ಗುಲು ಕೇಳಿಸೆಂದು ಸೊಸೆಯನ್ನು ಕೇಳುತ್ತಿರಲಿಲ್ಲ. ನಾನು ಪೆಟ್ಟಿಗೆಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ನಿಮ್ಮಪ್ಪ ಪ್ರತಿ ಸಲವೂ ಒಂದೇ ಮಾತಿನಿಂದ ಶುರು ಮಾಡುತ್ತಿದ್ದರು: “ಇಜ್ಜಾ, ಈಗ ಒಬ್ಬಳೇ ಇದ್ದೀಯಾ?” ನಾನೂ ಹುಚ್ಚಿಯ ಹಾಗೆ ಯಂತ್ರಕ್ಕೆ ಹೂಂ ಎನ್ನುತ್ತಿದ್ದೆ.

ಉತ್ತರವಾಗಿ ನಾನು ಹಾಡುತ್ತಿದ್ದೆ. ಹೌದು, ನಾನೇ. ಮಾತಿನಲ್ಲಿ ಹೇಳಲು ನಾಚಿಕೆಯಾದದ್ದನ್ನೆಲ್ಲ ಪದ ಕಟ್ಟಿ ಹಾಡುತ್ತಿದ್ದೆ. ಅಲ್ಲಿ ಗಣಿಯವರ ವಸತಿಯಲ್ಲಿ ಹಾಸಿಗೆಯೊಳಗೆ ಕಿವಿಗೆ ಹಚ್ಚಿಕೊಂಡು ಕೇಳುತ್ತಿದ್ದರಂತೆ. ಅದರಲ್ಲಿ ಒಂದೂ ಉಳಿದಿಲ್ಲ. ಮನೆಗೆ ಇದ್ದದ್ದು ಮೂರೇ ಕ್ಯಾಸೆಟ್ಟು, ಅವೇ ಹೋಗಿ ಬರುತ್ತಿದ್ದವು. ಅವರ ಮಾತಿನ ಮೇಲೆ ನನ್ನ ಹಾಡು, ನನ್ನ ಹಾಡಿನ ಮೇಲೆ ಅವರ ಮಾತು. ಕೇಳಿ ಆಯಿತೆಂದರೆ ಅಳಿಸುವುದೇ ರೂಢಿ. ಓದಿದ ಕಾಗದವನ್ನು ಯಾರು ಇಟ್ಟುಕೊಳ್ಳುತ್ತಾರೆ, ಇನ್ನೊಂದು ಬರುತ್ತದಲ್ಲ ಎಂದುಕೊಂಡಿದ್ದೆವು.

ಕೊನೆಯ ಕ್ಯಾಸೆಟ್ಟು ತಂದವನು ಬೆಲಾಯಿದ್. ಅವನೂ ಅದೇ ಗಣಿಯಲ್ಲಿದ್ದ, ಆ ವರ್ಷ ಆಗಸ್ಟಿನ ರಜೆಗೆ ಬಂದಿದ್ದ. ನಿಮ್ಮಪ್ಪನಿಗೆ ರಜೆ ಸಿಗಲಿಲ್ಲ ಎಂದ. ಮೊದಲನೇ ಮಗ್ಗುಲು ಅದೇ ದಿನ ಎಲ್ಲರೂ ಕೇಳಿದೆವು. ನಡುನಡುವೆ ಕೆಮ್ಮಿದರು, ಇಲ್ಲಿ ಆಗಸ್ಟಿನಲ್ಲೂ ಚಳಿ ಎಂದು ನಕ್ಕರು. ಎರಡನೇ ಮಗ್ಗುಲು ನಾನು ಕೇಳಲಿಲ್ಲ. ಬಾದಾಮಿ ಬಡಿಯುವ ಕಾಲ, ಬೆಳಗಾದರೆ ಮರ, ಸಂಜೆಯಾದರೆ ಸಿಪ್ಪೆ. ಪುರುಸೊತ್ತಾಗಲಿಲ್ಲ. ಬೆಲಾಯಿದ್ ಮೂರು ನಾಲ್ಕು ಸಲ ಮನೆಯ ಮುಂದೆ ಹಾದು ಹೋದ. “ಏನಾದ್ರೂ ಕೇಳೋದಿದೆಯಾ ತಂಗಿ?” ಎನ್ನುವನು. “ಏನೂ ಇಲ್ಲಣ್ಣಾ” ಎನ್ನುವೆ. ಅವನು ನಿಂತು, ನೆಲ ನೋಡಿ, ಹೋಗುವನು.

ಬೆಲಾಯಿದ್ ಹೊರಡಲು ಮೂರು ದಿನವಿತ್ತು. ಉತ್ತರದ ಕ್ಯಾಸೆಟ್ಟು ಅವನ ಕೈಲೇ ಹೋಗಬೇಕು. ನೀನು ಅಪ್ಪನಿಗೆ ಹಾಡು ಕಟ್ಟಿದ್ದೆ. ನೆಲದೊಳಗೆ ಕತ್ತಲಂತೆ ಅಪ್ಪಾ, ಇಲ್ಲಿ ಬೇಕಾದಷ್ಟು ಬಿಸಿಲು, ಒಂದು ಬುಟ್ಟಿ ಕಳಿಸಲೇ ಎಂದು. ನೀನು ಯಾರನ್ನೂ ಕೇಳದೆ ಪೆಟ್ಟಿಗೆಯಿಂದ ಆ ಕ್ಯಾಸೆಟ್ಟು ತೆಗೆದುಕೊಂಡು, ಮಾಳಿಗೆಯ ಮೇಲೆ ಹೋಗಿ, ಎರಡನೇ ಮಗ್ಗುಲಿಗೆ ಹಾಡಿದೆ. ನಿಮ್ಮಪ್ಪನ ಮಾತು ಅದರ ಕೆಳಗೆ ಹೋಯಿತು.

ಮಾರನೆಯ ದಿನವೇ ನಿಮ್ಮಪ್ಪ ತೀರಿಹೋದ ಸುದ್ದಿ ಪೇಟೆಯ ಅಂಚೆ ಕಚೇರಿಗೆ ಬಂತು. ಬೆಲಾಯಿದನೇ ಬಂದು ಹೇಳಿದ. ನಾನು ಹೇಗೆ, ಏನಾಯಿತು, ಗಣಿ ಕುಸಿಯಿತೇ ಎಂದು ಕಿರುಚಿದೆ. ಅವನು ಕಕ್ಕಾಬಿಕ್ಕಿಯಾಗಿ ನನ್ನನ್ನೇ ನೋಡಿದ. “ಯಾಕೆ ತಂಗಿ, ನಿನಗೆಲ್ಲಾ ಗೊತ್ತಿತ್ತಲ್ಲ? ಗಣಿ ಧೂಳು ಕುಡಿದು ಎದೆಯೆಲ್ಲ ಕಲ್ಲಾಗಿದೆ, ಡಾಕ್ಟ್ರು ಕೈ ಬಿಟ್ಟಿದ್ದಾರೆ ಅಂತ ಎರಡನೇ ಮಗ್ಗುಲಲ್ಲಿ ಅವನೇ ಹೇಳಿದ್ನಲ್ಲ? ಆಸ್ಪತ್ರೆ ಹಾಸಿಗೇಲಿ ಕೂತು ಹೇಳಿದ. ನನ್ನ ಹೊರಗೆ ಕಳಿಸ್ದ. ‘ನಾನೇ ಅವಳಿಗೆ ಹೇಳಿದೀನಿ, ನೀನು ಬಾಯಿ ಬಿಡಬೇಡ, ಅವಳಾಗೇ ಕೇಳಿದ್ರೆ ಮಾತ್ರ ಮಾತಾಡು’ ಅಂತ ಆಣೆ ಹಾಕಿಸ್ಕೊಂಡ. ನೀನು ಒಂದು ಮಾತೂ ಕೇಳ್ಲಿಲ್ಲ. ಗಟ್ಟಿ ಹೆಂಗಸು ಅಂದ್ಕೊಂಡೆ” ಎಂದ.

ಹೆಣ್ಣುಮಕ್ಕಳೆಲ್ಲ ಅಂಗಳದಲ್ಲಿ ಸೇರಿ ಅಳುತ್ತಿದ್ದರು. ನಾನು ಅವರನ್ನು ದಾಟಿಕೊಂಡು ಕೋಣೆಗೆ ಓಡಿ, ಬಾಗಿಲು ಹಾಕಿ, ಕ್ಯಾಸೆಟ್ಟು ಹಾಕಿದೆ. ಒಂದು ಹಾಡು ಎಷ್ಟು ಉದ್ದವಿದ್ದೀತು, ಮಿಕ್ಕದ್ದು ಉಳಿದಿರುತ್ತದೆ ಎಂದು ಆಸೆ. “ಇಜ್ಜಾ, ಈಗ ಒಬ್ಬಳೇ ಇದ್ದೀಯಾ?” ಎಂದರು. ಹೂಂ ಎಂದೆ. ಟಪ್ಪೆಂದು ಸದ್ದಾಯಿತು. “ಅಪ್ಪಾ, ನಾನು ತೂದಾ” ಎಂದು ನೀನು ಶುರುಮಾಡಿದೆ. ಹಾಡು ಮುಗಿಯಿತು ಎನ್ನುವಷ್ಟರಲ್ಲಿ, “ತಪ್ಪಾಯ್ತು ಅಪ್ಪಾ, ಇನ್ನೊಂದ್ಸಲ ಹಾಡ್ತೀನಿ” ಎಂದೆ. ಮತ್ತೆ ತಪ್ಪಿತು, ಮತ್ತೆ ಹಾಡಿದೆ. ಒಂಬತ್ತು ಸಲ. ಸರಿಯಾಗಿ ಬರುವವರೆಗೂ ಬಿಡಲಿಲ್ಲ ನೀನು. ಕೊನೆಯ ಸಲ ಒಂದು ಎಳೆಯೂ ತಪ್ಪದೆ ಹಾಡಿದೆ, ಅಲ್ಲಿಗೆ ಟೇಪು ಮುಗಿಯಿತು. ಹೊರಗೆ ಬಂದರೆ ನೀನು ಬಾಗಿಲ ಪಕ್ಕ ಗೋಡೆಗೊರಗಿ, ಅಳುತ್ತ, ಅದೇ ಹಾಡನ್ನು ಬಾಯೊಳಗೆ ಗುನುಗುತ್ತಿದ್ದೆ. ಆಗ ಕೈ ಎತ್ತಿದೆ. ಆಗಲೇ ನಾಲಿಗೆಯ ಮಾತು ಆಡಿದೆ. ಸಾವಿನ ಮನೆಯಲ್ಲಿ ಹಾಡಿದ್ದಕ್ಕೆ ತಾಯಿ ಹೊಡೆದಳೆಂದು ನೆರೆದವರು ತಿಳಿದರು. ನೀನೂ ಹಾಗೇ ತಿಳಿದೆ. ಹಾಗೇ ತಿಳಿಯಲಿ ಎಂದು ಬಿಟ್ಟೆ.

ನಾನೂ ಅಂದಿನಿಂದ ಹಾಡಲಿಲ್ಲ. ನಿನ್ನ ದನಿ ಕೇಳಿದಾಗಲೆಲ್ಲ ಅದರ ಕೆಳಗೆ ಅವರು ಏನೋ ಹೇಳುತ್ತಿದ್ದಾರೆ, ನನಗೆ ಕೇಳಿಸುತ್ತಿಲ್ಲ ಎನ್ನಿಸುತ್ತಿತ್ತು. ನೀನು ಬೀಸುವ ಕಲ್ಲಿನ ಮುಂದೆ ಕೂತು ಹಾಡಿದರೆ ನಾನು ಎದ್ದು ಆಡಿನ ಕೊಟ್ಟಿಗೆಗೆ ಹೋಗುತ್ತಿದ್ದೆ. ಹದಿನೆಂಟಾದಾಗ ನೀನು ಗಂಟು ಕಟ್ಟಿ ಬಸ್ಸು ಹತ್ತಿದೆ. ನಿಲ್ಲು ಎನ್ನಲು ಬಾಯಿ ಬರಲಿಲ್ಲ. ನಿನ್ನ ಹಾಡು ಕಂಡರೆ ಆಗದು ಎಂದಲ್ಲ ಮಗಳೇ. ಕೇಳುವ ಧೈರ್ಯವಿರಲಿಲ್ಲ. ಕೇಳಿದೆಯಲ್ಲ, ಉತ್ತರ ಇದೇ.

ಹೇಳಿದರೆ ನಿನಗೆ ನೋವು, ಹೇಳದಿದ್ದರೆ ನೀನು ಬರುವುದಿಲ್ಲ. ಈ ತಿಂಗಳೆಲ್ಲ ಇದನ್ನೇ ತೂಗಿದೆ. ಇದನ್ನು ಓದಿ ನಿನ್ನ ಗಂಟಲು ಕಟ್ಟಿದರೆ ಆ ಪಾಪವೂ ನನಗೇ. ಆದರೆ ನೀನು ಈಗ ಹನ್ನೊಂದರ ಹುಡುಗಿಯಲ್ಲ, ಮೂವತ್ನಾಲ್ಕು ದಾಟಿದವಳು. ನನ್ನ ಮೇಲೆ ಹಾಡು ಕಟ್ಟುವುದಿದ್ದರೆ ಸರಿಯಾದದ್ದನ್ನು ತಿಳಿದು ಕಟ್ಟು. ನೀನು ಬೇಕೆಂದು ಮಾಡಿದ್ದಲ್ಲ. ಕೇಳದೆ ತೆಗೆದುಕೊಂಡೆ, ಅಷ್ಟೆ. ಎಳೆಯ ಮಗುವಿಗೆ ಏನು ಗೊತ್ತಾಗಬೇಕು? ಅದನ್ನು ನಾನು ಎಂದೋ ಮನ್ನಿಸಿದ್ದೇನೆ.

ಕ್ಯಾಸೆಟ್ಟನ್ನು ಈ ಕಾಗದದ ಜೊತೆಗೇ ಬಟ್ಟೆ ಸುತ್ತಿ ಅಂಚೆಗೆ ಹಾಕುತ್ತೇನೆ. ಒಂಬತ್ತನೆಯದನ್ನು ಹಾಕಿಕೋ, ಅದು ಚೆನ್ನಾಗಿದೆ. ಮೊದಲಿಗೆ ನಿಮ್ಮಪ್ಪನ ನಾಲ್ಕು ಮಾತಿವೆ. ಅವನ್ನು ಡಿಸ್ಕಿಗೆ ಹಾಕುವುದು ಬಿಡುವುದು ನಿನಗೆ ಬಿಟ್ಟದ್ದು, ಆದರೆ ಅಳಿಸಬೇಡ. ಎದೆಗೆ ತಣ್ಣನೆ ಗಾಳಿ ತಾಗಿಸಿಕೊಳ್ಳಬೇಡ. ಬಾದಾಮಿ ಅರೆದು, ಎಣ್ಣೆ ಜೇನು ಬೆರೆಸಿ ಅಮ್ಲು ಮಾಡಿಟ್ಟಿದ್ದೇನೆ, ಬೆಳೆ ಈ ಸಲ ಚೆನ್ನಾಗಿ ಬಂದಿತ್ತು. ಬಂದರೆ ತಿನ್ನುತ್ತೀಯ.

ನಿನ್ನ ಹಾದಿ ನೋಡುತ್ತಿರುವ ತಾಯಿ,
ಇಜ್ಜಾ

ಕಾಗದ ಮುಗಿದ ಮೇಲೆ ಬರೆದದ್ದು: ಲಕೋಟೆ ಅಂಟಿಸಿ ಎರಡು ದಿನ ಇಟ್ಟುಕೊಂಡೆ. ಇಂದು ಬಿಡಿಸಿದ್ದೇನೆ. ಮೇಲೆ ಎರಡು ಸುಳ್ಳಿವೆ. ಬರೆಯಲು ಕಲಿತದ್ದೇ ನಿಜ ಹೇಳಲು, ಅದರಲ್ಲೂ ಸುಳ್ಳು ಬರೆದೆನಲ್ಲ.

ಪುರುಸೊತ್ತಿಲ್ಲದೆ ಅಲ್ಲ ನಾನು ಎರಡನೇ ಮಗ್ಗುಲು ಕೇಳದೇ ಇದ್ದದ್ದು. ಕ್ಯಾಸೆಟ್ಟು ಬಂದ ಮಧ್ಯಾಹ್ನ ರಖಿಯಾ ಬಾದಾಮಿ ಸುಲಿಯುತ್ತ ಕೂತು, “ಅಲ್ಲಿ ಒಬ್ಬ ಹೆಂಗಸು ದಿನಾ ನಿನ್ನ ಗಂಡನಿಗೆ ಊಟ ಕೊಡ್ತಾಳಂತೆ ಕಣೇ, ಕೈಯಾರೆ ತಿನ್ನಿಸ್ತಾಳಂತೆ, ನಮ್ಮೋರ ಬಾಯಿಂದ ಜಾರಿಬಂತು” ಎಂದಿದ್ದಳು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಗಂಜಿ ಕುಡಿಸುವವಳು ಅವಳು ಎಂದು ನನಗೆ ತಿಳಿದದ್ದು ನಿಮ್ಮಪ್ಪ ಸತ್ತ ಮೇಲೆ. ಆಗ ಹೊಟ್ಟೆ ಉರಿದಿತ್ತು. ಎರಡನೇ ಮಗ್ಗುಲಲ್ಲಿ ಅವರ ಸಮಜಾಯಿಷಿ ಇರುತ್ತದೆ, ನನಗದು ಬೇಡ ಎಂದುಕೊಂಡೆ.

ಇನ್ನೊಂದು, ನೀನು ಕೇಳದೆ ತೆಗೆದುಕೊಂಡೆ ಎಂದದ್ದು. ನಿನಗೆ ನೆನಪಿಲ್ಲದಿರಬಹುದು, ನನಗಿದೆ. ಕ್ಯಾಸೆಟ್ಟು ಕೈಲಿ ಹಿಡಿದು ಬಂದು, “ಅಮ್ಮಾ, ಇದನ್ನ ನೀನು ಕೇಳಿ ಆಯ್ತಾ? ಇದರ ಮೇಲೆ ಹಾಡ್ಲಾ?” ಎಂದೆ. ಅಳಿದುಹೋಗಲಿ ಎಂದೇ ನಾನು ಹೂಂ ಎಂದೆ. ನೀನು ಮಾಳಿಗೆಯ ಮೆಟ್ಟಿಲು ಅರ್ಧ ಹತ್ತಿದವಳು ತಿರುಗಿ ಬಂದು, “ನಿಜವಾಗ್ಲೂ ಕೇಳಿದೀಯಲ್ವಾ ಅಮ್ಮಾ?” ಎಂದು ಇನ್ನೊಂದು ಸಲ ಕೇಳಿದೆ. ಆಗಲೂ ಹೂಂ ಎಂದೆ.